ಮರಿ ಅಂದರೆ ಯಾರು?

ಮಾರ್ಚ್ 4, ಬೆಳಿಗ್ಗೆ

ಮತ್ತೆ ಪಾರಿವಾಳದ ಹಿಕ್ಕೆ. ಮಗುವಿನ ತಲೆಗೆ ಟೋಪಿ ಹಾಕಿದ ಹಾಗೆ. ನಿನ್ನೆ ತಾನೇ ತೊಳೆದಿದ್ದೆ.

ಒಂದು ಬಕೆಟ್ ನೀರು, ಮೆತ್ತನೆಯ ಬ್ರಷ್, ಬಿದಿರಿನ ಸೀಳು. ನನ್ನ ಸಾಮಾನು ಇಷ್ಟೇ. ಸೋಪು ಹಾಕುವಂತಿಲ್ಲ, ತಂತಿ ಬ್ರಷ್ ಮುಟ್ಟಿಸುವಂತಿಲ್ಲ. ಸಂದಿಯಲ್ಲಿ ಕೂತ ಪಾಚಿಯನ್ನು ಸೀಳಿನಿಂದ ಮೆಲ್ಲಗೆ ಕೆದಕಬೇಕು. ಮಕ್ಕಳ ಕಿವಿ ಶುಚಿ ಮಾಡುವಾಗ ಎಷ್ಟು ಹುಷಾರೋ ಅಷ್ಟು.

ಪಾರ್ಕಿನ ನಟ್ಟನಡುವೆ ಈ ಶಿಲ್ಪ. ಕಟ್ಟೆಯ ಮೇಲೆ ಒಂದು ಮಗು ಕೂತಿದೆ. ಅದರ ಎಡಗೈ ಪಕ್ಕದ ಪ್ರಾಣಿಯ ಕುತ್ತಿಗೆಯನ್ನು ಬಳಸಿದೆ. ಯಾವ ಪ್ರಾಣಿ? ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷದಿಂದ ಮಕ್ಕಳು ಹತ್ತಿ, ಸವರಿ, ಮುದ್ದಿಸಿ ಅದರ ಮುಖ ತೇದ ಸೋಪಿನ ಬಿಲ್ಲೆಯಾಗಿದೆ. ಮಗುವಿನ ಮುಖವೂ ಅಷ್ಟಕ್ಕಷ್ಟೆ, ಆದರೂ ಕಣ್ಣೆಲ್ಲಿ ಮೂಗೆಲ್ಲಿ ಎಂದು ತಿಳಿಯುತ್ತದೆ. ಪ್ರಾಣಿ ನಾಯಿ ಅನ್ನುವವರಿದ್ದಾರೆ, ಕುರಿ ಅನ್ನುವವರಿದ್ದಾರೆ. ಜಗಳವೇ ಬೇಡವೆಂದು ಎಲ್ಲರೂ 'ಮರಿ' ಅನ್ನುತ್ತಾರೆ. ನೀರಿನ ಪಂಪು ನೋಡಿಕೊಳ್ಳುವವನು ಮಾತ್ರ ಕರು ಅಂದ. ಹಾಗಾದರೆ ಮರಿ ಅನ್ನಬೇಡ, ಕರುವಿಗೆ ಮರಿ ಅನ್ನಲ್ಲ ಅಂದೆ. ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ನಮ್ಮ ಮನೆಯಲ್ಲೂ ಒಂದು ಮರಿ ಇದೆ — ಅಕ್ಕನ ಮಗ. ನಾಲ್ಕು ವರ್ಷ. ಭಾವ ಲಾರಿ ಹತ್ತಿ ಹೋದರೆ ಯಾವಾಗ ಬರುತ್ತಾರೋ. ಅಕ್ಕ ಆಸ್ಪತ್ರೆಯ ಲಾಂಡ್ರಿಗೆ ಹೋದರೆ ಅದು ನನ್ನ ಜೊತೆ ಪಾರ್ಕಿಗೆ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಇವತ್ತು ಪೈಪು ತಿರುಗಿಸಿ ಪಾರ್ಕಿನ ಮೇಸ್ತ್ರಿಯ ಪ್ಯಾಂಟು ಒದ್ದೆ ಮಾಡಿತು.

"ಬುಗುರಿ, ನಿನ್ನ ಮರೀನ ಕಟ್ಟಿಹಾಕು!"

"ಅದೇನು ನಾಯಿಮರೀನಾ ಸಾರ್?"

"ನಾಯಿಮರಿ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

ಬುಗುರಿ ಅಂದರೆ ನಾನು. ನಿಂತು ಮಾತಾಡುವ ಅಭ್ಯಾಸ ಇಲ್ಲವಲ್ಲ, ಅದಕ್ಕೆ. ಸ್ಕೂಲಿನಲ್ಲೂ ಇದೇ ರಗಳೆ. ಸುಮ್ಮನೆ ಕೂತ್ಕೋ, ಸುಮ್ಮನೆ ಕೂತ್ಕೋ. ಕೊನೆಗೆ ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡು ಅಂದರು. ಬರೆಯಲಿಲ್ಲ. ಎದ್ದು ಬಂದೆ. ಈಗ ಬರೆಯುವುದೆಲ್ಲ ಇಲ್ಲಿ ಮಾತ್ರ, ಕಂಡದ್ದು ಮಾತ್ರ.


ಮಾರ್ಚ್ 6

ಕೊನೆಗೂ ಮೇಲಿನ ಆಫೀಸಿನಿಂದ ಒಪ್ಪಿಗೆ ಬಂತಂತೆ. ಮೇಸ್ತ್ರಿ ನನ್ನೆದುರಿಗೇ ಶಿಲ್ಪಿಗೆ ಫೋನ್ ಮಾಡಿದರು. ಅವರದು ಫೋನಿನಲ್ಲೂ ಮೈಕಿನ ಗಂಟಲು.

"ಮೇಡಂ, ನಮ್ಮ ಪಾರ್ಕಲ್ಲಿ ಮಗು-ಪ್ರಾಣಿ ಶಿಲ್ಪ ಇದೆಯಲ್ಲ... ಹೂಂ, ಅದೇ. ಮರಿ ಮುಖ ಪೂರ್ತಿ ಹೋಗಿದೆ. ಹೊಸದಾಗಿ ಕೆತ್ತಬೇಕು. ಮರಿ ಮುಖ ಅಷ್ಟೇ. ಬೇರೆ ಏನೂ ಮುಟ್ಟೋದು ಬೇಡ."

ಆಮೇಲೆ ನನಗೆ, "ನೋಡ್ತಿರು, ನಾಯೀನೋ ಕುರೀನೋ ಇನ್ನೊಂದು ವಾರದಲ್ಲಿ ಗೊತ್ತಾಗುತ್ತೆ."


ಮಾರ್ಚ್ 11

ಶಿಲ್ಪಿ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕತ್ತಿನಲ್ಲಿ ಮಾಸ್ಕು, ಕೂದಲ ತುಂಬ ಕಲ್ಲಿನ ಪುಡಿ, ಬಾಯಲ್ಲಿ ಸದಾ ಬಬಲ್‌ಗಮ್. ಶಿಲ್ಪದ ಸುತ್ತ ನೀಲಿ ಟಾರ್ಪಾಲು ಕಟ್ಟಿಸಿಕೊಂಡಳು. ಧೂಳು ಹಾರಬಾರದು ಅಂತ.

ನಮ್ಮ ಮರಿ ಟಾರ್ಪಾಲಿನ ಕೆಳಗಿನಿಂದ ತೂರಿ ಒಳಗೆ ಹೋಯಿತು. ಎಳೆದುಕೊಂಡು ಬರಲು ಹೋದೆ.

"ಇರಲಿ ಬಿಡು. ಏನಪ್ಪಾ ನಿನ್ನ ಹೆಸರು?"

"ಮರಿ."

ಅವಳು ಕಟ್ಟೆಗೆ ಕೈಯೂರಿ ನಕ್ಕಳು. "ಓಹೋ! ನೀನೇನಾ ಮರಿ? ನಿನ್ನ ಕೆಲಸಕ್ಕೇ ಬಂದಿರೋದು ನಾನು!"

ತಮಾಷೆ ಅಂದುಕೊಂಡೆ. ಮೇಸ್ತ್ರಿ ನನ್ನನ್ನು ಹಿಂದಿನ ಗೇಟಿನ ನರ್ಸರಿಗೆ ಹಾಕಿದ್ದಾರೆ, ಶಿಲ್ಪ ಮುಗಿಯುವವರೆಗೆ ಸಸಿ ಕುಂಡಗಳ ಕೆಲಸ. ಮರಿಯನ್ನು ಅವಳ ಹತ್ತಿರವೇ ಬಿಟ್ಟು ಹೋದೆ. ಬಿಸ್ಕತ್ತು ಕೊಡುತ್ತಾಳೆ, ಅದೂ ಖುಷಿಯಾಗಿದೆ.


ಮಾರ್ಚ್ 13

ಊಟಕ್ಕೆ ಕರೆಯಲು ಹೋದಾಗ ಟಾರ್ಪಾಲಿನ ಸಂದಿಯಿಂದ ನೋಡಿದೆ. ಮರಿ ತಲೆಕೆಳಗಾದ ಬಕೆಟಿನ ಮೇಲೆ ಕೂತಿತ್ತು. ಕೂತಿತ್ತು! ಕಾಲು ಆಡಿಸುತ್ತಿರಲಿಲ್ಲ. ಮೂಗಿನಲ್ಲಿ ಬೆರಳಿಲ್ಲ. ಎಡಗೈ ಗಾಳಿಯಲ್ಲಿ ಚಾಚಿಕೊಂಡು, ಯಾರದೋ ಕುತ್ತಿಗೆ ಬಳಸಿದ ಹಾಗೆ.

"ಅಲ್ಲಾಡಬೇಡ ಮರಿ... ಜಾಣ. ಅಯ್ಯೋ, ಉಸಿರಾಡಪ್ಪಾ! ಅಷ್ಟೊಂದು ಬೇಡ!"

ಅವಳು ನಗುತ್ತಿದ್ದಳು. ಮರಿ ನಗಲಿಲ್ಲ.


ಮಾರ್ಚ್ 17

ಟಾರ್ಪಾಲು ಬಿಚ್ಚಿದರು.

ಮೇಸ್ತ್ರಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಏನ್ ಮೇಡಂ ಇದು? ಮರಿ ಮುಖ ಎಲ್ಲಿ?"

"ಇದೇ ಅಲ್ವಾ."

"ಇದು ಮಗು!"

"ಹೂಂ. ಮರಿ."

"ಮರಿ ಅಂದ್ರೆ ಮರಿ ಕಣ್ರೀ! ಈ ಪಕ್ಕದ್ದು! ನಾಲ್ಕು ಕಾಲಿಂದು!"

"ಅದನ್ನ ಪ್ರಾಣಿ ಅಂತ ನೀವೇ ಅಂದ್ರಿ ಫೋನಲ್ಲಿ. ಮಗು-ಪ್ರಾಣಿ ಶಿಲ್ಪ, ಅದರಲ್ಲಿ ಮರಿ ಮುಖ ಅಂದ್ರಿ. ನಮ್ಮನೇಲಿ ಮಗೂನೇ ಮರಿ ಅನ್ನೋದು. ನಿಮ್ಮನೇಲಿ ಏನಂತ ಕರೀತೀರಿ, ಮೇಸ್ತ್ರಿ ಅಂತಲಾ?"

ಮೇಸ್ತ್ರಿ ಕೆಂಪಗಾದರು. ನನ್ನ ಕಡೆ ತಿರುಗಿದರು. "ಬುಗುರಿ, ನೀನು ಹೇಳು. ಮರಿ ಅಂದ್ರೆ ಯಾರು?"

ನಮ್ಮ ಮರಿ ನನ್ನ ಕೈ ಹಿಡಿದು ನಿಂತಿತ್ತು.

"ಎರಡೂ ಆಗುತ್ತೆ ಸಾರ್."

"ನಿನ್ನ ಕೇಳಿದೆನಲ್ಲ, ನನಗೆ ಬುದ್ಧಿ ಇಲ್ಲ."

ಸುಳ್ಳು ಹೇಳಲಿಕ್ಕಾಗುತ್ತದೆಯೇ? ಎರಡೂ ಆಗುತ್ತದೆ.

ಅಷ್ಟರಲ್ಲಿ ಆಫೀಸಿನ ಸಾಹೇಬರು ಬಂದರು. ನೋಡಿ ಬಾಯಿ ತುಂಬ ಹೊಗಳಿದರು. ಜೀವಕಳೆ ಅಂದರು. ಮೇಸ್ತ್ರಿ ತಕ್ಷಣ ಕೈ ಕಟ್ಟಿ ನಿಂತು, "ನಮ್ಮ ಐಡಿಯಾನೇ ಸಾರ್" ಅಂದರು. ಅಲ್ಲಿಗೆ ಮುಗಿಯಿತು. ಪ್ರಾಣಿ ಮುಖವಿಲ್ಲದೆಯೇ ಉಳಿಯಿತು.

ಮುಖ ನಮ್ಮ ಮರಿಯದೇ. ಬಿದ್ದು ಗಾಯವಾಗಿ ಕೂದಲು ಬಾರದ ಎಡಹುಬ್ಬಿನ ಆ ಸಣ್ಣ ಜಾಗ ಸಹ. ಮರಿ ಅದರ ಎದುರು ಬಹಳ ಹೊತ್ತು ನಿಂತಿತ್ತು. ಆಮೇಲೆ ಕೇಳಿತು:

"ಚಿಕ್ಕಿ, ಅದು ಯಾವಾಗ ಏಳುತ್ತೆ?"


ಮಾರ್ಚ್ 21

ಎಲ್ಲಿಂದ ಬರುತ್ತಾರೋ ಜನ. ಯಾರೋ ಫೋಟೋ ಹಾಕಿದ್ದಾರಂತೆ. ಶಿಲ್ಪಕ್ಕೆ ಈಗ ಹೆಸರೇ 'ಮರಿ' ಆಗಿಬಿಟ್ಟಿದೆ, ಪ್ರಾಣಿಗಲ್ಲ, ಮಗುವಿಗೆ. "ಮರಿ ಹತ್ರ ನಿಂತ್ಕೋ, ಫೋಟೋ ತೆಗೀತೀನಿ." "ಮರಿಗೆ ಟಾಟಾ ಮಾಡು." "ಮರಿ ಕೆನ್ನೆ ಮುಟ್ಟಬೇಡ, ಅಕ್ಕ ಬೈತಾಳೆ." ಅಕ್ಕ ಅಂದರೆ ನಾನು. ಬ್ರಷ್ ಹಿಡಿದು ನಿಂತಿರುತ್ತೇನಲ್ಲ.

ಮೊದಮೊದಲು ಯಾರು ಕರೆದರೂ ನಮ್ಮ ಮರಿ "ಆಂ?" ಎಂದು ತಿರುಗುತ್ತಿತ್ತು. ಜನ ನಗುತ್ತಿದ್ದರು. ಇವತ್ತು ತಿರುಗಲಿಲ್ಲ.


ಮಾರ್ಚ್ 24, ಸಂಜೆ

ಮನೆಗೆ ಹೊರಡುವಾಗ "ಮರಿ, ಬಾ" ಅಂದೆ. ಬರಲಿಲ್ಲ. ಬೆಂಚಿನ ಮೇಲೆ ಕೂತಿತ್ತು. ಹೆಗಲ ಮೇಲೆ ಪಾರಿವಾಳ.

ಆಟ ಅಂದುಕೊಂಡೆ. ಹತ್ತಿರ ಹೋದೆ. ಪಾರಿವಾಳ ನನ್ನನ್ನು ನೋಡಿ ಹಾರಿತು. ಮರಿಗೆ ಹೆದರಿ ಅಲ್ಲ, ನನಗೆ ಹೆದರಿ. ಅಂಗಿಯ ಮೇಲೆ ಹಿಕ್ಕೆ ಒಣಗಿತ್ತು. ಒಣಗುವಷ್ಟು ಹೊತ್ತು ಕೂತಿತ್ತೇ ಹಾಗೆ?

ಎತ್ತಿಕೊಂಡೆ. ಭಾರ.


ಮಾರ್ಚ್ 25

ನಿನ್ನೆ 'ಭಾರ' ಎಂದು ಬರೆದಿದ್ದೆ. ದಣಿದಿದ್ದೆ, ಅದಕ್ಕೆ ಹಾಗೆ ಅನ್ನಿಸಿರಬಹುದು. ಇವತ್ತು ಎದ್ದ ಕೂಡಲೇ ಮತ್ತೆ ಎತ್ತಿ ನೋಡಿದೆ.

ಭಾರವೇ.


ಮಾರ್ಚ್ 29

ಕಂಡದ್ದು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ತೊಳೆಯಲು ಹೋದಾಗ ಕಲ್ಲಿನ ಮಗುವಿನ ತುಟಿಯ ಮೇಲೆ ಇರುವೆ ಸಾಲು. ಗಲ್ಲದಿಂದ ಹತ್ತಿ, ಬಾಯಿಯ ಅಂಚಿಗೆ ಬಂದು, ವಾಪಸು ಇಳಿಯುತ್ತಿದ್ದವು. ಬೆರಳಿನಿಂದ ಸವರಿದೆ. ಅಂಟು. ಯಾರೋ ಮಕ್ಕಳು ಬಿಸ್ಕತ್ತು ತಿಕ್ಕಿರಬಹುದು. ಇರಬಹುದು.

ಮಂಡಿಯ ಮೇಲೆ ಕಂದು ಬಣ್ಣದ ಒರಟು ಕಲೆ. ಉಜ್ಜಿದೆ, ಹೋಗಲಿಲ್ಲ. ಸೀಳಿನಿಂದ ಕೆದಕಿದೆ. ಹಕ್ಕಳೆ ಎದ್ದ ಹಾಗೆ ಒಂದು ಚೂರು ಎದ್ದಿತು. ಕೈ ತೆಗೆದುಬಿಟ್ಟೆ.

ಮನೆಯಲ್ಲಿ ಮರಿಯ ಪ್ಯಾಂಟು ಮೇಲೆತ್ತಿ ನೋಡಿದೆ. ಮೊನ್ನೆ ಮೆಟ್ಟಿಲ ಮೇಲೆ ಬಿದ್ದು ತರಚಿಕೊಂಡಿತ್ತು. ಅಲ್ಲಿ ಈಗ ಏನೂ ಇಲ್ಲ. ನುಣ್ಣಗಿದೆ. ತಣ್ಣಗಿದೆ.

ಅಕ್ಕನಿಗೆ ಹೇಳಿದೆ. "ಮಕ್ಕಳ ಗಾಯ ಬೇಗ ವಾಸಿಯಾಗುತ್ತೆ ಕಣೇ," ಅಂದಳು. ಇಡೀ ದಿನ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದಿರುತ್ತಾಳೆ, ಬೆರಳೆಲ್ಲ ಸುಟ್ಟಿರುತ್ತದೆ. "ಒಳ್ಳೆಯದೇ ಆಯ್ತು. ಈಗ ಎಷ್ಟು ಸುಮ್ಮನಿರುತ್ತೆ ನೋಡು. ಒಂದು ಲೋಟ ಒಡೆದಿಲ್ಲ ಈ ವಾರ. ದೇವರಂಥ ಮಗು ಆಗಿಬಿಟ್ಟಿದೆ."

ಮರಿ ಮೂಲೆಯಲ್ಲಿ ಕೂತಿತ್ತು. ಎಡಗೈ ಗಾಳಿಯಲ್ಲಿ.

"ಕೈ ಇಳಿಸು ಮರಿ," ಅಂದೆ.

ಇಳಿಸಲಿಲ್ಲ. ನಾನೇ ಇಳಿಸಿದೆ. ಬಿಟ್ಟ ಕೂಡಲೇ ಮೆಲ್ಲಗೆ ಮತ್ತೆ ಮೇಲೆ.


ಏಪ್ರಿಲ್ 2

ಸ್ಕೂಲಿಗೆ ಸೇರಿಸಲು ಹೋಗಿದ್ದೆವು. ಅಕ್ಕ ರಜೆ ಹಾಕಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಹೋದ ವರ್ಷ ಇದೇ ಸ್ಕೂಲಿನವರು ಮರಿಯನ್ನು ವಾಪಸು ಕಳಿಸಿದ್ದರು. ಟೀಚರಮ್ಮನ ಮೇಜಿನ ಕೆಳಗೆ ಹೊಕ್ಕು ಅವರ ಚಪ್ಪಲಿ ಕಿತ್ತುಕೊಂಡಿತ್ತು.

ಈ ಸಲ ಕುರ್ಚಿಯಲ್ಲಿ ಕೂರಿಸಿದರು. ಕೂತಿತು. ಬೇರೆ ಮಕ್ಕಳು ಅಳುತ್ತಿದ್ದವು, ಓಡುತ್ತಿದ್ದವು. ಇದು ಕೂತೇ ಇತ್ತು.

"ಎಷ್ಟು ಶಾಂತ ಸ್ವಭಾವ! ಏನ್ ಮಾಡಿದ್ರಿ?" ಅಂದರು ಟೀಚರಮ್ಮ. ಅಕ್ಕನ ಮುಖ ಅರಳಿತು. ಆಮೇಲೆ ನನ್ನನ್ನು ಕೇಳಿದರು, "ಮನೇಲೂ ಹೀಗೇನಾ?"

ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಮೇಡಂ. ಇದು ನಮ್ಮ ಮರಿ ಅಲ್ಲ. ನಮ್ಮದು ಬೇರೆ ಥರ ಇತ್ತು. ಏನೋ ಆಗಿದೆ."

ಮನೆ ಬಾಗಿಲು ಹಾಕಿದ ಮೇಲೆ ಅಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನೀನು ಓದು ಬಿಟ್ಟು ಹಾಳಾಗಿದ್ದು ಸಾಲದಾ? ನನ್ನ ಮಗನ ತಲೆ ಮೇಲೂ ಕಲ್ಲು ಹಾಕ್ತೀಯಾ?"

"ನಾನು ಹಾಕಿಲ್ಲಕ್ಕಾ. ಬೇರೆ ಯಾರೋ ಹಾಕಿದ್ದಾರೆ."

"ಬಾಯಿ ಮುಚ್ಚು. ನಾಳೆಯಿಂದ ಅದನ್ನ ಪಾರ್ಕಿಗೆ ಕರ್ಕೊಂಡು ಹೋಗಬೇಡ."

ಸೀಟು ಸಿಕ್ಕಿತು, ಅದು ಬೇರೆ ಮಾತು. ಶಾಂತ ಮಗು ಎಲ್ಲರಿಗೂ ಬೇಕು.


ಏಪ್ರಿಲ್ 9

ಬರೆಯಲು ಮನಸ್ಸಿರಲಿಲ್ಲ. ಅಕ್ಕ ಮರಿಯನ್ನು ಕೆಳಗಿನ ಮನೆಯ ಆಂಟಿಯ ಹತ್ತಿರ ಬಿಡುತ್ತಿದ್ದಾಳೆ. ಆಂಟಿಗೆ ಹೇಳತೀರದ ಸಂತೋಷ. "ಕೂರಿಸಿದ ಕಡೆ ಕೂತಿರುತ್ತಪ್ಪ. ಮನೇಲಿ ಮಗು ಇದೆ ಅನ್ನೋದೇ ಮರೆತುಹೋಗುತ್ತೆ." ಪಾರ್ಕಿನಿಂದ ದೂರ ಇಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ. ಇನ್ನೂ ಜಾಸ್ತಿಯಾಗಿದೆ. ಮಾತು ನಿಂತುಹೋಗಿದೆ. ಹೊಟ್ಟೆ ಹಸಿದಿದೆ ಅನ್ನುವುದಿಲ್ಲ, ತುತ್ತು ಇಟ್ಟರೆ ನುಂಗುತ್ತದೆ, ಅಷ್ಟೇ.

ಇವತ್ತು ಬೆಳಿಗ್ಗೆ ಕಟ್ಟೆ ತೊಳೆದು ಬಕೆಟ್ ತುಂಬಿಸಿಕೊಂಡು ಬರುವಷ್ಟರಲ್ಲಿ ಒದ್ದೆ ಕಟ್ಟೆಯ ಆಚೆ, ಒಣ ನೆಲದ ಮೇಲೆ ಒಂದು ಹೆಜ್ಜೆ ಗುರುತು. ಸಣ್ಣದು. ಬರಿಗಾಲಿನದು. ಅಷ್ಟು ಹೊತ್ತಿಗೆ ಗೇಟು ತೆರೆದಿರಲಿಲ್ಲ. ನೋಡುತ್ತಿದ್ದ ಹಾಗೆ ಒಣಗಿ ಹೋಯಿತು.

ಒಂದೇ ಹೆಜ್ಜೆ. ಎರಡು ಎಂದು ಬರೆಯುವುದಿಲ್ಲ.


ಏಪ್ರಿಲ್ 10

ಮೊದಲಿನಿಂದ ಬರೆದದ್ದನ್ನೆಲ್ಲ ಓದಿದೆ.

'ಅದು ನನ್ನ ಜೊತೆ ಪಾರ್ಕಿಗೆ.' 'ಅದರ ಎಡಗೈ.' 'ಅದು ಯಾವಾಗ ಏಳುತ್ತೆ.' ಕಲ್ಲಿನ ಮಗುವಿಗೂ ಅದು. ಮುಖವಿಲ್ಲದ ಪ್ರಾಣಿಗೂ ಅದು. ನಮ್ಮ ಮಗುವಿಗೂ ಅದು! ನಾಲ್ಕು ವರ್ಷದ ಗಂಡು ಹುಡುಗನನ್ನು ನಾವು ಯಾರೂ 'ಅವನು' ಎಂದೇ ಇಲ್ಲ. ಅದು ಊಟ ಮಾಡಿತಾ, ಅದು ಮಲಗಿತಾ. ಮುದ್ದಿಗೆ ಹಾಗನ್ನುತ್ತೇವೆ, ಎಲ್ಲರ ಮನೆಯಲ್ಲೂ ಅನ್ನುತ್ತಾರೆ. ಹೆಸರೂ ಅಷ್ಟೇ. ಆಸ್ಪತ್ರೆಯಲ್ಲಿ ಬರೆಸಿದ ಹೆಸರು ಒಂದಿದೆ. ಹುಟ್ಟಿದಾಗಿನಿಂದ ಒಂದು ಸಲವಾದರೂ ಆ ಹೆಸರಿನಿಂದ ಕರೆದಿದ್ದೇವೆಯೇ? ನೆನಪಿಲ್ಲ. ಇದ್ದದ್ದು ಒಂದೇ ಹೆಸರು — ಮರಿ.

ಅದನ್ನು ಈಗ ಇಡೀ ಊರು ಕಲ್ಲಿಗೆ ಕೊಟ್ಟಿದೆ. ಬೆಳಗಿನಿಂದ ಸಂಜೆಯವರೆಗೆ ಮರಿ, ಮರಿ, ಮರಿ. ನಾವು ಮನೆಯಲ್ಲಿ ಬೆಳಿಗ್ಗೆ ಒಂದು ಸಲ, ಊಟಕ್ಕೊಂದು ಸಲ. ಯಾರು ಹೆಚ್ಚು ಕರೆದರೆ ಅವರ ಕಡೆಗೆ ತಾನೇ ಹೋಗುವುದು?

ಇನ್ನು ಮೇಲೆ 'ಅವನು' ಎಂದು ಬರೆಯುತ್ತೇನೆ.


ಏಪ್ರಿಲ್ 12, ಸಂಜೆ

ಅಕ್ಕ ಅವನ ಉಗುರು ಕತ್ತರಿಸಲು ಕೂತಳು. ನೇಲ್ ಕಟರ್ ಹಿಡಿದು ಹಾಗೇ ಕೂತಿದ್ದಳು.

"ಲೇ," ಅಂದಳು. ಜಗಳವಾದ ಮೇಲೆ ಮೊದಲ ಮಾತು. "ಇಲ್ಲಿ ಬಾ."

ಹೋದೆ.

"ಹೋದ ತಿಂಗಳು ಶಿಲ್ಪಿ ಬರೋಕೆ ಮುಂಚೆ ಕತ್ತರಿಸಿದ್ದು ನಾನು. ನೋಡು. ಇವತ್ತು ಕತ್ತರಿಸಿದ ಹಾಗಿದೆ. ಬೆಳೆದೇ ಇಲ್ಲ ಕಣೇ."

ನಾನು ಹೇಳಬಾರದಿತ್ತೇನೋ. ಹೇಳಿದೆ. "ಕಲ್ಲಿನ ಬೆರಳ ತುದೀಲಿ ಬಿಳಿ ಗೆರೆ ಬಂದಿದೆ ಅಕ್ಕಾ. ದಿನಾ ಸ್ವಲ್ಪ ಸ್ವಲ್ಪ ಅಗಲ ಆಗ್ತಿದೆ. ಮೊದಲು ಸುಣ್ಣ ಅಂದ್ಕೊಂಡಿದ್ದೆ."

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಅವನ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದುಕೊಂಡಳು, ತಣ್ಣಗಿನ ಪಾತ್ರೆ ಹಿಡಿದ ಹಾಗೆ. "ನನ್ನ ಮಗು ಕಣೇ ಅದು. ಏನು ಮಾಡ್ತೀಯೋ ಮಾಡು. ನನಗೆ ವಾಪಸು ಕೊಡು."

"ಮೊದಲು 'ಅದು' ಅನ್ನೋದು ಬಿಡು. ಮರಿ ಅನ್ನೋದೂ ಬಿಡು. ಹೆಸರು ಹಿಡಿದು ಕರಿ."

ಅಕ್ಕ ಬಾಯಿ ತೆರೆದಳು. ಅವನ ಹೆಸರು ಹೇಳಲು ಅವಳಿಗೇ ನಾಚಿಕೆಯಾಯಿತು. ಹೊಸಬರ ಹೆಸರು ಹೇಳಿದ ಹಾಗೆ. ಆದರೂ ಹೇಳಿದಳು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಅದೊಂದು ಅವನಿಗೆ ಮಾತ್ರ ಇರಲಿ. ಕಾಗದದ ಮೇಲೂ ಬೇರೆಯವರ ಕೈಗೆ ಸಿಗುವುದು ಬೇಡ.

ಅವನು ತಿರುಗಲಿಲ್ಲ.


ಏಪ್ರಿಲ್ 15

ಮೂರು ದಿನ ಕರೆದದ್ದೇ ಕರೆದದ್ದು. ಅಕ್ಕ ಪಾತ್ರೆ ತೊಳೆಯುತ್ತಾ, ನಾನು ಬಟ್ಟೆ ಮಡಿಸುತ್ತಾ. ಕೆಳಗಿನ ಆಂಟಿ ಮೇಲೆ ಬಂದು, "ಯಾರು ಬಂದಿದ್ದಾರೆ ನಿಮ್ಮನೆಗೆ? ಯಾರನ್ನೋ ಕರೀತಾನೇ ಇರ್ತೀರಲ್ಲ?" ಅಂದರು. ನಮಗೆ ನಗು ಬಂತು. ಎಷ್ಟೋ ದಿನದ ಮೇಲೆ.

ಇವತ್ತು ಪಾರ್ಕಿಗೇ ಕರೆದುಕೊಂಡು ಹೋದೆ. ಅಕ್ಕನೂ ರಜೆ ಹಾಕಿ ಬಂದಳು. ಕಲ್ಲಿನ ಎದುರಿಗೆ, ಬೆಂಚಿನ ಮೇಲೆ ಅವನು. ಸುತ್ತ ಜನ ಫೋಟೋ ತೆಗೆಯುತ್ತಿದ್ದರು. ಮರಿ, ಮರಿ. ನಾನು ಅವನ ಕಿವಿಯ ಹತ್ತಿರ ಅವನ ಹೆಸರು ಹೇಳಿದೆ. ಮತ್ತೆ ಹೇಳಿದೆ. ಗಂಟಲು ಒಣಗಿತು. ಜನ ನನ್ನನ್ನೇ ನೋಡತೊಡಗಿದರು.

"ಬುಗುರಿ, ತಲೆ ಕೆಟ್ಟಿದೆಯಾ?" ಅಂದರು ಮೇಸ್ತ್ರಿ.

"ಗೊತ್ತಿಲ್ಲ ಸಾರ್, ಆಮೇಲೆ ನೋಡೋಣ."

ಆಗ ಅವನ ರೆಪ್ಪೆ ಅಲುಗಿತು. ರೆಪ್ಪೆಗೂದಲ ಮೇಲಿದ್ದ ಧೂಳು ಉದುರಿತು. ತುಟಿ ಬಿಡಿಸಿದ, ಅಂಟಿಕೊಂಡದ್ದನ್ನು ಬಿಡಿಸುವ ಹಾಗೆ.

"ಚಿಕ್ಕಿ, ಅದು ಯಾರು?"

"ಯಾವುದು ಕಂದಾ?"

"ನೀನು ಕರೀತಿದ್ದೀಯಲ್ಲ, ಆ ಹೆಸರು."

"ನೀನು. ಅದು ನೀನೇ."

ಅವನು ಯೋಚಿಸಿದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಹಾಗಾದ್ರೆ ಮರಿ ಅಂದ್ರೆ ಯಾರು?"

ಯಾರೂ ಇಲ್ಲ ಅನ್ನಬಹುದಿತ್ತು. ಯಾರೋ ಒಬ್ಬರು ಅನ್ನಬಹುದಿತ್ತು. ಆದರೆ ಸುತ್ತ ಅಷ್ಟು ಜನ ಕರೆಯುತ್ತಿದ್ದರು. ಅವನೂ ಕೇಳುತ್ತಿದ್ದ. ಮಗುವಿಗೆ ಹೇಗೆ ಸುಳ್ಳು ಹೇಳಲಿ?

"ಅದು," ಅಂದೆ. ಕಲ್ಲನ್ನು ತೋರಿಸಿದೆ. "ಇನ್ನು ಮೇಲೆ ಅದೇ ಮರಿ. ನೀನಲ್ಲ."

ಅವನು ಅದನ್ನು ನೋಡಿದ. ಕೈ ಇಳಿಸಿದ. ತಾನಾಗಿಯೇ. ಬೆಂಚಿನಿಂದ ಜಾರಿ ಇಳಿದು, ನೇರ ಹೋಗಿ ಪೈಪು ಎತ್ತಿಕೊಂಡು ಮೇಸ್ತ್ರಿಯ ಕಡೆ ತಿರುಗಿಸಿದ.

ಅಕ್ಕ ಅತ್ತಳು. ಮೇಸ್ತ್ರಿ ಒದ್ದೆ ಪ್ಯಾಂಟಿನಲ್ಲಿ ನಿಂತು, "ನಾನು ಒದ್ದೆಯಾದ್ರೆ ನೀವ್ಯಾಕಮ್ಮ ಅಳ್ತೀರಿ?" ಅಂದರು.


ಏಪ್ರಿಲ್ 17

ಎರಡು ಲೋಟ ಒಡೆದ. ಆಂಟಿಯ ಚಪ್ಪಲಿ ಬಾಲ್ಕನಿಯಿಂದ ಎಸೆದ. ಮಂಡಿ ತರಚಿಕೊಂಡು ಬಂದ. ಕೆಂಪು ರಕ್ತ ನೋಡಿ ಅಕ್ಕನಿಗೂ ನನಗೂ ಹಬ್ಬ. ಉಗುರಿನಲ್ಲಿ ಬಿಳಿಯ ಗೆರೆ ಬರುತ್ತಿದೆ. ಎತ್ತಿಕೊಂಡರೆ ಹಗುರ.

"ಸ್ಕೂಲಿನವರು ಓಡಿಸ್ತಾರೆ ಕಣೇ ಇವನ್ನ," ಅಂದಳು ಅಕ್ಕ.

"ಓಡಿಸ್ಲಿ. ಪಾರ್ಕಿಗೆ ಇನ್ನೊಂದು ಬುಗುರಿ ಬೇಕಂತೆ."

ಅಕ್ಕ ಪೊರಕೆ ಎತ್ತಿದಳು. ನಗುತ್ತಾ.

ಒಂದೇ ನಿಯಮ. ಮನೆಯಲ್ಲಿ ಆ ಪದ ಯಾರೂ ಆಡಬಾರದು. ಅಕ್ಕನಿಗೆ ಬಾಯಿ ರೂಢಿ, ಆಗಾಗ 'ಮ' ಎಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ.


ಏಪ್ರಿಲ್ 19, ಬೆಳಿಗ್ಗೆ

ಪಾಚಿ ತೆಗೆಯುತ್ತಿದ್ದೆ. ಮಗುವಿನ ಎಡಗೈ ಪ್ರಾಣಿಯ ಕುತ್ತಿಗೆಯನ್ನು ಮುಟ್ಟುವ ಜಾಗ. ಅಲ್ಲಿ ಸಂದಿ ಇಲ್ಲ. ಕೈ, ಕುತ್ತಿಗೆ ಎರಡೂ ಒಂದೇ ಕಲ್ಲು. ಇಷ್ಟು ದಿನ ಅಲ್ಲಿ ಬಿದಿರಿನ ಸೀಳು ಹೋದದ್ದಿಲ್ಲ.

ಇವತ್ತು ಹೋಯಿತು. ಈ ಕಡೆಯಿಂದ ಹಾಕಿದ್ದು ಆ ಕಡೆ ಬಂತು.

ಬಿರುಕು ಎಂದು ಮೇಸ್ತ್ರಿಗೆ ಹೇಳಿದೆ. ನೋಡಿದರು. "ಬಿರುಕಲ್ಲ ಕಣೇ. ಅಂಚು ಎಷ್ಟು ನುಣ್ಣಗಿದೆ ನೋಡು. ಮೊದಲಿಂದ ಇದ್ದಿರಬೇಕು."

ಇರಲಿಲ್ಲ. ದಿನಾ ತೊಳೆಯುವವಳು ನಾನು.


ಏಪ್ರಿಲ್ 20

ಕೂತ ಜಾಗದಲ್ಲೂ. ತೊಡೆಗೂ ಕಟ್ಟೆಗೂ ನಡುವೆ. ಬಿದಿರಿನ ಸೀಳು ಸರಾಗವಾಗಿ ಓಡಾಡುತ್ತದೆ. ಪ್ರಾಣಿಯ ನಾಲ್ಕು ಪಾದಗಳ ಕೆಳಗೂ.

ಮುಖ ಬದಲಾಗಿಲ್ಲ, ಬದಲಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮೊದಲು ಅದು ಪಾರ್ಕನ್ನು ನೋಡುತ್ತಿದೆ ಅನ್ನಿಸುತ್ತಿತ್ತು. ಈಗ ಯಾರಾದರೂ ಕರೆಯಲಿ ಎಂದು ಕಿವಿಗೊಟ್ಟು ಕೂತ ಹಾಗಿದೆ. ಇಷ್ಟು ಜನ ದಿನಾ ಕರೆಯುತ್ತಾರೆ. ಆದರೆ ನಿಂತ್ಕೋ ಅನ್ನುತ್ತಾರೆ, ನಗು ಅನ್ನುತ್ತಾರೆ, ಟಾಟಾ ಅನ್ನುತ್ತಾರೆ. 'ಬಾ' ಎಂದು ಯಾರೂ ಅಂದದ್ದು ಕೇಳಿಲ್ಲ.


ಏಪ್ರಿಲ್ 22, ಸಂಜೆ

ಇನ್ನೂ ಬೆಳಕಿದೆ. ಅಕ್ಕ ಬೇಗ ಬಂದಿದ್ದಾಳೆ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು. ಅವನು ನನ್ನ ಪಕ್ಕದಲ್ಲೇ ನೆಲದ ಮೇಲೆ ಬೋರಲು ಮಲಗಿ ಪೆನ್ಸಿಲಿನಿಂದ ಏನೋ ಗೀಚುತ್ತಿದ್ದಾನೆ. ಕಾಲು ಒಂದು ಕ್ಷಣ ಸುಮ್ಮನಿಲ್ಲ, ನನ್ನ ಮಂಡಿಗೆ ಒದೆಯುತ್ತಲೇ ಇದ್ದಾನೆ. ಅಕ್ಷರ ಸೊಟ್ಟಗಾಗುತ್ತಿರುವುದು ಅದಕ್ಕೆ. ನಾನೇನು ಬರೆಯುತ್ತಿದ್ದೇನೆ ಅಂತ ಕೇಳಿದ. ನಿನ್ನ ತಂಟೆ ಅಂದೆ.

ಪ್ರಾಣಿಯ ಚಿತ್ರವಂತೆ. ಮುಖ ಬರೆದಿಲ್ಲ. ಯಾಕೋ ಅಂದೆ. ಅದಕ್ಕೆ ಇನ್ನೂ ಯಾರೂ ಕೊಟ್ಟಿಲ್ಲವಲ್ಲ ಚಿಕ್ಕಿ, ಅಂದ.

ಅಕ್ಕ ಈಗ ತಾನೇ ಕರೆದಳು. ಅಡುಗೆಮನೆಯಿಂದ, ಎಂದಿನ ರಾಗದಲ್ಲಿ — "ಮರೀ, ಊಟಕ್ಕೆ ಬಾ!"

ಕರೆದವಳೇ "ಅಯ್ಯೋ" ಅಂದಳು. ನಾನು ಅವನನ್ನು ನೋಡಿದೆ. ತಲೆ ಎತ್ತಲಿಲ್ಲ. ಗೀಚುತ್ತಲೇ ಇದ್ದಾನೆ. ಅವನನ್ನಲ್ಲ ಕರೆದದ್ದು ಎಂದು ಅವನಿಗೆ ಗೊತ್ತು. ನೆಮ್ಮದಿಯಾಯಿತು. ಅದನ್ನು ಬರೆಯೋಣವೆಂದೇ ಪೆನ್ನು

ಕೆಳಗೆ ಮೆಟ್ಟಿಲ ಹತ್ತಿರ ಯಾರೋ "ಬಂದೇ" ಅಂದರು.

ಆಂಟಿ ಇರಬಹುದು. ಆಂಟಿಯ ದನಿ ಹಾಗಿಲ್ಲ. ಇವನ ದನಿ ಹಾಗಿದೆ. ಇವನು ಇಲ್ಲೇ ಇದ್ದಾನೆ, ಬಾಯಿ ಮುಚ್ಚಿಕೊಂಡು, ಪೆನ್ಸಿಲು ನಿಲ್ಲಿಸಿ ಬಾಗಿಲನ್ನೇ ನೋಡುತ್ತಿದ್ದಾನೆ.

ಮೆಟ್ಟಿಲ ಮೇಲೆ ಸದ್ದು. ಕಲ್ಲಿನ ಮೇಲೆ ಕಲ್ಲು ಇಟ್ಟ ಹಾಗೆ. ಎರಡು ಹೆಜ್ಜೆ. ಅದರ ಹಿಂದೆ ನಾಲ್ಕು. ಎರಡು. ನಾಲ್ಕು. ಕಿಟಕಿಯ ಗಾಜು ನಡುಗುತ್ತಿದೆ. ನಡುಗುತ್ತಿರುವುದು ನಿಜವೇ ಎಂದು ಕೈಯಿಟ್ಟು ನೋಡಿದೆ, ನಿಜ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ಹೋಗುತ್ತಿದ್ದಾಳೆ. ಮಗು 'ಬಂದೇ' ಅಂದರೆ ಬಾಗಿಲು ತೆಗೆಯುವುದು ಅವಳಿಗೆ ರೂಢಿ. ಅಕ್ಕಾ ಬೇಡ, ತೆಗೀಬೇಡ, ಅದು